ಕಲ್ಯಾಣದ ಕಲ್ಲು, ಊರ ಕಟ್ಟೆ

ಮೊದಲನೆಯ ಸೋಮೇಶ್ವರನ (1042–1068) ಕಾಲದಿಂದ ಚಾಳುಕ್ಯರ ರಾಜಧಾನಿಯಾಗಿದ್ದ ಕಲ್ಯಾಣವೇ ಇಂದಿನ ಬಸವಕಲ್ಯಾಣ. ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ಬಿಲ್ಹಣ, ವಿಜ್ಞಾನೇಶ್ವರ ಇಬ್ಬರೂ ಈ ನಗರವನ್ನು ಮನಸಾರೆ ಹೊಗಳಿದ್ದಾರೆ. ಅದನ್ನು ಓದಿಕೊಂಡು ಬರುವ ವಿದ್ಯಾರ್ಥಿಗಳ ಮೊದಲ ಪ್ರಶ್ನೆ, ‘ಅರಮನೆ ಎಲ್ಲಿ ಸರ್?’ ಚಾಳುಕ್ಯರದೆಂದು ಬೆರಳಿಟ್ಟು ತೋರಿಸಬಹುದಾದ ಅರಮನೆ ಅಲ್ಲಿಲ್ಲ. ನಾವು ಕಾಣುವ ಕೋಟೆಯ ಬಹುಭಾಗ ಬಹಮನಿ ಮತ್ತು ನಂತರದ ಕಾಲದ್ದು. ಆದರೂ ಆ ಆವರಣದಲ್ಲಿ 10–11ನೆಯ ಶತಮಾನದ ಜಿನಬಿಂಬಗಳು ದೊರೆತಿವೆ.

ಉಳಿದದ್ದೆಲ್ಲ ನಾಶವಾಯಿತೆಂದು ನಾವು ಸುಲಭವಾಗಿ ಬರೆದುಬಿಡುತ್ತೇವೆ. ಮನೆ ಕಟ್ಟುವವನಿಗೆ ಹದವಾಗಿ ಕಡೆದ ಕಲ್ಲು ಹತ್ತಿರದಲ್ಲೇ ಸಿಕ್ಕರೆ ಅವನು ಗಣಿಗೆ ಏಕೆ ಹೋದಾನು? ಕಂಬದ ತುಂಡು ಜಗಲಿಯ ಆಸನವಾಗುತ್ತದೆ, ತೊಲೆ ಹೊಸ್ತಿಲಾಗುತ್ತದೆ, ವೀರಗಲ್ಲು ಬಟ್ಟೆ ಒಗೆಯುವ ಬಂಡೆಯಾಗುತ್ತದೆ. ಮುಕ್ಕೊಡೆಯ ಜಿನನೇ ಊರದೇವರಾಗಿ, ಬೇರೊಂದು ಹೆಸರಿನಲ್ಲಿ ಎಣ್ಣೆ ಕುಂಕುಮ ಪಡೆಯುವುದನ್ನು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ತಿರುಗಿದವರೆಲ್ಲ ಬಲ್ಲರು. (ಭಗ್ನಬಿಂಬಕ್ಕೆ ನಮ್ಮ ಬಸದಿಗಳಲ್ಲಿ ಪೂಜೆಯಿಲ್ಲ; ಹನುಮಂತದೇವರ ಕಟ್ಟೆಯ ಮೇಲೆ ಅಂಥ ನಿಷೇಧವಿಲ್ಲ.) ಇದನ್ನು ಅಜ್ಞಾನವೆನ್ನಲು ನನಗೆ ಮನಸ್ಸು ಬಾರದು. ಬಳಕೆಯಲ್ಲಿದ್ದುದರಿಂದಲೇ ಎಷ್ಟೋ ಕಲ್ಲುಗಳು ಉಳಿದಿವೆ.

ಉಳಿದರೂ ಅವು ತಮ್ಮ ಸ್ಥಳವನ್ನು ಕಳೆದುಕೊಂಡಿರುತ್ತವೆ ಎಂಬುದೇ ಸಂಶೋಧಕನ ತೊಡಕು. ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಈ ತೊಡಕಿಲ್ಲ. ಅಲ್ಲಿನ ಗುಡಿಯ ಹೊರಗೋಡೆಯಲ್ಲಿ ಶಿಲಾಬಾಲಿಕೆಯೊಬ್ಬಳು ವಿಕ್ರಮಾದಿತ್ಯನ ಪ್ರಶಸ್ತಿಯನ್ನು ಬರೆಯುತ್ತಿದ್ದಾಳೆ. ಅಕ್ಷರ, ಶಿಲ್ಪ, ಗೋಡೆ ಮೂರೂ ಒಂದೇ. ಎಲ್ಲ ಶಾಸನಗಳಿಗೂ ಆ ಭಾಗ್ಯವಿಲ್ಲ.

ಸುಮಾರು ಮೂವತ್ತು ವರ್ಷಗಳ ಹಿಂದೆ, ಸಂಶೋಧನ ವಿದ್ಯಾರ್ಥಿಯಾಗಿದ್ದಾಗ, ಅದೇ ತಾಲ್ಲೂಕಿನ ಒಂದು ಹಳ್ಳಿಯ ಕಟ್ಟೆಯಲ್ಲಿ ಸೇರಿದ್ದ ಸವೆದ ದಾನಶಾಸನವೊಂದರ ಪಡಿಯಚ್ಚು ತೆಗೆದೆ. ಕಟ್ಟೆಯ ಮೇಲೆ ಕುಳಿತಿದ್ದವರನ್ನು ಎಬ್ಬಿಸಿದೆ. ಅವರನ್ನು ಏನೂ ಕೇಳಲಿಲ್ಲ. ಶಾಸನದಲ್ಲಿ ಬಸದಿಯ ಉಲ್ಲೇಖವಿತ್ತು. ಆ ಬಸದಿ ಕಟ್ಟೆಯ ಜಾಗದಲ್ಲೇ ಇದ್ದಿರಬೇಕೆಂದು ಮಹಾಪ್ರಬಂಧದಲ್ಲಿ ಧೈರ್ಯವಾಗಿ ಬರೆದೆ. ಯಾರೂ ಪ್ರಶ್ನಿಸಲಿಲ್ಲ.

ಈಚೆಗೆ ಮತ್ತೆ ಹೋದಾಗ ಕಟ್ಟೆ ಸಿಮೆಂಟಿನದಾಗಿತ್ತು, ಕಲ್ಲು ಗುಡಿಯ ಹಿಂದೆ ಒರಗಿತ್ತು. ಅಲ್ಲಿದ್ದ ಅಜ್ಜಿಯನ್ನು ಮಾತನಾಡಿಸಿದೆ. “ಇದು ಮೊದಲ ಕೆರಿ ಏರಿ ಮ್ಯಾಲಿತ್ರಿ. ಕಟ್ಟಿ ಕಟ್ಟಾಗ ನಮ್ಮ ಮಾವ ಬಂಡ್ಯಾಗ ಹೇರ್ಕೊಂಡು ತಂದಾರ” ಎಂದರು. ಏರಿಯ ಮೇಲೆ ನಿಂತು ನನ್ನ ಹಳೆಯ ಪಾಠವನ್ನು ಓದಿದಾಗ ದತ್ತಿಭೂಮಿಯ ಎಲ್ಲೆಗಳು ತಾವಾಗಿಯೇ ಹೊಂದಿಕೊಂಡವು. ಕೆರೆಯ ಮೂಡಣ ಕೋಡಿ, ಅದರ ಕೆಳಗಿನ ಗದ್ದೆ. ಕಟ್ಟೆಗೂ ಬಸದಿಗೂ ಸಂಬಂಧವೇ ಇರಲಿಲ್ಲ. ಅಂದು ಒಂದು ಮಾತು ಕೇಳಿದ್ದರೆ ಆ ಮಾವನವರೇ ಹೇಳುತ್ತಿದ್ದರೇನೋ. ನಾನು ಎಬ್ಬಿಸಿದವರಲ್ಲಿ ಅವರೂ ಇದ್ದಿರಬಹುದು.

ಆ ಬಳಿಕ ಕ್ಷೇತ್ರಕಾರ್ಯದ ಪುಸ್ತಕದಲ್ಲಿ ಅಳತೆ, ಲಿಪಿ, ಕಾಲಗಳ ಜೊತೆಗೆ ‘ಈಗಿನ ಬಳಕೆ, ಬಳಸುವವರ ಹೇಳಿಕೆ’ ಎಂಬ ಅಂಕಣವೊಂದನ್ನು ಸೇರಿಸಿದ್ದೇನೆ. ಕಳೆದ ಸಲ ವಿದ್ಯಾರ್ಥಿನಿಯೊಬ್ಬಳು ಅದರಲ್ಲಿ ಹೀಗೆ ಬರೆದಿದ್ದಳು: ‘ಬಾಗಿಲ ಬಲಗಡೆ, ಹಾಲಿನ ಕ್ಯಾನು ಇಡುವ ಕಲ್ಲು. ಕೆಳಮುಖದಲ್ಲಿ ಅಕ್ಷರಗಳಿವೆಯೆಂದು ಮನೆಯವರು ಹೇಳುತ್ತಾರೆ. ಸುಗ್ಗಿ ಮುಗಿದ ಮೇಲೆ ಎತ್ತಿ ತೋರಿಸಲು ಒಪ್ಪಿದ್ದಾರೆ.’