ಬಿತ್ತನೆಯ ಪಾಲು: ಬ್ರಿಸ್ಟಲ್ ಕೊಲ್ಲಿಯ ಸಾಕೈ ಸಾಲ್ಮನ್ ಮೀನುಗಾರಿಕೆಯ ಒಂದು ಅಧ್ಯಯನ

1992ರಲ್ಲಿ ಅಮೆರಿಕದ ಐಡಹೊ ರಾಜ್ಯದ ರೆಡ್‌ಫಿಶ್ ಸರೋವರಕ್ಕೆ ಕಡಲಿನಿಂದ ಮರಳಿ ಬಂದ ಸಾಕೈ ಸಾಲ್ಮನ್ ಒಂದೇ ಒಂದು, ಅದೂ ಗಂಡು. ಆ ಸರೋವರಕ್ಕೆ ಹೆಸರು ಕೊಟ್ಟದ್ದೇ ಈ ಮೀನಿನ ಕೆಂಪು ಬಣ್ಣ. ಮೂವತ್ತು ವರ್ಷ ಕಳೆದು, 2022ರಲ್ಲಿ, ಅದೇ ಜಾತಿಯ ಸುಮಾರು 7.9 ಕೋಟಿ ಮೀನುಗಳು ಅಲಾಸ್ಕಾದ ಬ್ರಿಸ್ಟಲ್ ಕೊಲ್ಲಿಗೆ ಬಂದವು. ಸುಮಾರು 6 ಕೋಟಿ ಬಲೆಗೆ ಬಿದ್ದ ಮೇಲೂ ಹೊಳೆ ಹತ್ತಿ ಮೊಟ್ಟೆಯಿಡಲು ಬೇಕಾದಷ್ಟು ಉಳಿದವು. ಹೀಗಿರುವಾಗ ‘ಕಾಡು ಸಾಲ್ಮನ್ ಸುಸ್ಥಿರ ಆಹಾರ’ ಎಂಬ ಮಾತನ್ನು ಜಾತಿಯ ಹೆಸರಿಗೆ ಅಂಟಿಸಿ ಹೇಳುವುದು ಸರಿಯಲ್ಲ ಎಂಬುದು ಈ ಲೇಖನದ ವಾದ. ಅದು ಯಾವ ನದಿಯ ಮೀನು, ಆ ನದಿಯಲ್ಲಿ ಬಿತ್ತನೆಗೆಂದು ಎಷ್ಟನ್ನು ಬಿಟ್ಟಿದ್ದಾರೆ ಎಂದು ತಿಳಿಯದ ಹೊರತು ಆ ಮಾತಿಗೆ ತೂಕವಿಲ್ಲ.

ಸಾಕೈ ಎಂಬುದು ಬ್ರಿಟಿಷ್ ಕೊಲಂಬಿಯಾದ ಮೂಲನಿವಾಸಿಗಳ ಹಾಲ್ಕೊಮೆಲೆಮ್ ನುಡಿಯ ಪದವೊಂದು ಇಂಗ್ಲಿಷರ ಬಾಯಲ್ಲಿ ತಿರುಚಿ ಉಳಿದ ರೂಪ. ಇಂಗ್ಲಿಷಿನ ಕಣ್ಣಿಗೂ ಅದಕ್ಕೂ ನಂಟಿಲ್ಲ. ಶಾಸ್ತ್ರೀಯ ಹೆಸರು ಒಂಕೊರಿಂಕಸ್ ನೆರ್ಕಾ. ನಮ್ಮ ಪಶ್ಚಿಮ ಕರಾವಳಿಯಲ್ಲಿ ‘ಇಂಡಿಯನ್ ಸಾಲ್ಮನ್’ ಎಂದು ಮಾರುವ ರಾವಸ ಬೇರೆಯೇ ಕುಟುಂಬದ ಮೀನು ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು, ಏಕೆಂದರೆ ಒಂದರ ಪೋಷಕಾಂಶದ ಪಟ್ಟಿಯನ್ನು ಇನ್ನೊಂದಕ್ಕೆ ಹಚ್ಚುವ ತಪ್ಪು ಸುಲಭವಾಗಿ ಆಗುತ್ತದೆ.

ಹೆಣ್ಣು ಸಾಕೈ ಹೊಳೆಯ ತಳದ ಜಲ್ಲಿಯನ್ನು ಬಾಲದಿಂದ ಕೆದರಿ ಗುಳಿ ಮಾಡಿ ಮೂರು ನಾಲ್ಕು ಸಾವಿರ ಮೊಟ್ಟೆ ಇಡುತ್ತದೆ. ಮರಿಗಳು ಸಾಮಾನ್ಯವಾಗಿ ಒಂದೆರಡು ವರ್ಷ ಸರೋವರದಲ್ಲಿ ಬೆಳೆಯುತ್ತವೆ. ಸರೋವರವನ್ನು ಇಷ್ಟಾಗಿ ನೆಚ್ಚಿಕೊಂಡ ಸಾಲ್ಮನ್ ಜಾತಿ ಪೆಸಿಫಿಕ್‌ನಲ್ಲಿ ಇನ್ನೊಂದಿಲ್ಲ. ಆಮೇಲೆ ಎರಡು ಮೂರು ವರ್ಷ ಕಡಲು. ಕೊನೆಗೆ ತವರು ನೀರಿನ ವಾಸನೆ ಹಿಡಿದು ಹುಟ್ಟಿದ ಹೊಳೆಗೇ ಮರಳಿ, ಮೊಟ್ಟೆಯಿಟ್ಟು ಸಾಯುತ್ತದೆ.

ಈ ಬದುಕಿನ ಕ್ರಮವನ್ನು ಬಿಟ್ಟು ಅದರ ಪೌಷ್ಟಿಕತೆಯನ್ನು ಅರ್ಥಮಾಡಿಕೊಳ್ಳಲಾಗದು. ಹೊಳೆ ಸೇರಿದ ಸಾಕೈ ಮತ್ತೆ ತಿನ್ನುವುದಿಲ್ಲ. ಪ್ರವಾಹದ ಎದುರು ಈಜಲು, ಮೊಟ್ಟೆ ಬಲಿಸಲು, ಗುಳಿ ತೋಡಲು ಬೇಕಾದ ಶಕ್ತಿಯೆಲ್ಲ ಕಡಲಲ್ಲೇ ಕಟ್ಟಿಕೊಂಡು ಬಂದ ದಾರಿಬುತ್ತಿ. ನಾವು ತಿನ್ನುವುದು ಆ ಬುತ್ತಿಯನ್ನೇ. 100 ಗ್ರಾಂ ಹಸಿ ಮೀನಿನಲ್ಲಿ 21-22 ಗ್ರಾಂ ಪ್ರೋಟೀನು, ಸುಮಾರು 5 ಗ್ರಾಂ ಕೊಬ್ಬು; ಆ ಕೊಬ್ಬಿನಲ್ಲಿ ಇಪಿಎ ಮತ್ತು ಡಿಎಚ್‌ಎ ಎಂಬ ಒಮೇಗಾ-3 ಆಮ್ಲಗಳು ಸೇರಿ ಮುಕ್ಕಾಲು ಗ್ರಾಮಿನಿಂದ ಒಂದು ಗ್ರಾಮಿನವರೆಗೆ. ವಿಟಮಿನ್ ಡಿ ಮತ್ತು ಬಿ12 ಧಾರಾಳ. ಸಾಕೈಯ ಕಿವಿರಿನ ಒಳಗೆ ಬಾಚಣಿಗೆಯ ಹಲ್ಲುಗಳಂತೆ ಒತ್ತಾಗಿ ನಿಂತ ಎಸಳುಗಳಿವೆ. ಕಡಲ ನೀರಿನ ಪ್ಲವಕ ಜೀವಿಗಳನ್ನು, ಸಣ್ಣ ಸೀಗಡಿಯಂಥ ಕ್ರಿಲ್‌ಗಳನ್ನು ಅದು ಆ ಜರಡಿಯಲ್ಲಿ ಹಿಡಿದು ತಿನ್ನುತ್ತದೆ. ಕ್ರಿಲ್‌ನಲ್ಲಿರುವ ಆಸ್ಟಾಜಾಂಥಿನ್ ಎಂಬ ವರ್ಣದ್ರವ್ಯವೇ ಮಾಂಸದ ಕೆಂಪಿಗೆ ಕಾರಣ. ಆಹಾರ ಸರಪಳಿಯಲ್ಲಿ ಹೀಗೆ ಕೆಳಗಿದ್ದು, ನಾಲ್ಕೈದು ವರ್ಷದಲ್ಲೇ ಬದುಕು ಮುಗಿಸುವುದರಿಂದ ಪಾದರಸ ಮೈಯಲ್ಲಿ ಶೇಖರವಾಗಲು ಅವಕಾಶ ಕಡಿಮೆ. ಸುದೀರ್ಘ ಕಾಲ ಬದುಕಿ ಬೇರೆ ಮೀನುಗಳನ್ನು ನುಂಗುವ ಕತ್ತಿಮೀನು, ಶಾರ್ಕ್‌ಗಳ ಜೊತೆ ಹೋಲಿಸಿದರೆ ಈ ವ್ಯತ್ಯಾಸ ಬಹಳ ದೊಡ್ಡದು.

ಸಾಕಣೆಯ ಸಾಲ್ಮನ್‌ಗಿಂತ ಕಾಡು ಮೀನು ಎಲ್ಲ ವಿಧದಲ್ಲೂ ಮೇಲು ಎಂಬ ಪ್ರಚಾರವನ್ನು ಮಾತ್ರ ನಾನು ಒಪ್ಪಲಾರೆ. ಸಾಕಣೆಯ ಅಟ್ಲಾಂಟಿಕ್ ಸಾಲ್ಮನ್‌ನಲ್ಲಿ ಒಟ್ಟು ಕೊಬ್ಬು ಸುಮಾರು 13 ಗ್ರಾಂ ಇರುವುದರಿಂದ ತೂಕಕ್ಕೆ ತೂಕ ನೋಡಿದರೆ ಅದರಲ್ಲಿ ಒಮೇಗಾ-3 ಹೆಚ್ಚೇ ಇರಬಹುದು. ಜೊತೆಗೆ ಮೇವಿನ ಸಸ್ಯತೈಲದಿಂದ ಬಂದ ಒಮೇಗಾ-6 ಕೂಡ. ಸಾಕೈಯ ಹಿರಿಮೆ ಇರುವುದು ಕಡಿಮೆ ಕೊಬ್ಬಿನಲ್ಲಿ ಹೆಚ್ಚು ಸತ್ವ ತುಂಬಿಕೊಂಡಿರುವುದರಲ್ಲಿ ಮತ್ತು ವಿಟಮಿನ್ ಡಿ ಪ್ರಮಾಣದಲ್ಲಿ. ಅದೂ ಹೊಳೆಯ ಬಾಯಲ್ಲಿ ಹಿಡಿದ ಮೀನಿನ ಮಾತು. ನದಿಯಲ್ಲಿ ಕೆಲವು ವಾರ ಕಳೆಯುವಷ್ಟರಲ್ಲಿ ಮಾಂಸದ ಬಣ್ಣ ಚರ್ಮಕ್ಕೂ ಮೊಟ್ಟೆಗೂ ಇಳಿಯುತ್ತದೆ. ಮೈ ಕಡುಗೆಂಪು, ತಲೆ ಹಸಿರು, ಗಂಡಿನ ದವಡೆ ಕೊಕ್ಕೆಯಂತೆ ಬಾಗಿ, ನೋಡಲು ಅತ್ಯಂತ ಸುಂದರವಾಗಿರುವ ಆ ಹೊತ್ತಿನಲ್ಲೇ ಒಳಗಿನ ಮಾಂಸ ಬಿಳಚಿ, ಬುತ್ತಿ ಬರಿದಾಗಿರುತ್ತದೆ.

ಬ್ರಿಸ್ಟಲ್ ಕೊಲ್ಲಿಯ ದಡದಲ್ಲಿ ಯೂಪಿಕ್, ಡೆನೈನಾ, ಅಲೂಟಿಕ್ ಜನ ಸಾವಿರಾರು ವರ್ಷಗಳಿಂದ ಈ ಮೀನನ್ನು ಸೀಳಿ, ಒಣಗಿಸಿ, ಹೊಗೆಗೆ ಕಟ್ಟಿ ಚಳಿಗಾಲ ಕಳೆದಿದ್ದಾರೆ. ಕೊಲ್ಲಿಗೆ ಸೇರುವ ನುಶಗಾಕ್ ನದಿಯ ದಡದಲ್ಲಿ ಮೊದಲ ಡಬ್ಬಿ ಕಾರ್ಖಾನೆ ಬಂದದ್ದು 1884ರಲ್ಲಿ. ಮುಂದಿನ ಕತೆ ಊಹಿಸಬಹುದಾದದ್ದೇ: ಅಲಾಸ್ಕಾದ ಉದ್ದಕ್ಕೂ ಹೊರಗಿನ ಕಂಪನಿಗಳು ಬೋನುಗಳನ್ನೂ ಬಲೆಗಳನ್ನೂ ಹರಡಿದವು. 1924ರ ವೈಟ್ ಕಾಯ್ದೆ ಬಂದ ಮೀನಿನಲ್ಲಿ ಅರ್ಧದಷ್ಟನ್ನು ಮೇಲೆ ಬಿಡಬೇಕೆಂದಿತು. ಉದ್ದೇಶ ಒಳ್ಳೆಯದು. ಆದರೆ ಅರ್ಧ ಬಿಡಲು ಒಟ್ಟು ಎಷ್ಟೆಂದು ತಿಳಿದಿರಬೇಕು. ಬಹುಪಾಲು ನದಿಗಳಲ್ಲಿ ಎಣಿಸುವವರೇ ಇರಲಿಲ್ಲ. 1953ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಅಲಾಸ್ಕಾದ ಸಾಲ್ಮನ್ ಪ್ರದೇಶವನ್ನು ವಿಪತ್ತಿನ ಪ್ರದೇಶವೆಂದು ಸಾರಬೇಕಾಯಿತು. 1959ರಲ್ಲಿ ರಾಜ್ಯವಾದ ಅಲಾಸ್ಕಾ ಮೀನಿನ ಬೋನುಗಳನ್ನು ನಿಷೇಧಿಸಿತು. ಮೀನನ್ನು ಸತತ ಇಳುವರಿಯ ತತ್ವದ ಮೇಲೆ ಬಳಸಬೇಕೆಂಬ ಮಾತು ಅದರ ಸಂವಿಧಾನದಲ್ಲೇ ಇದೆ.

ನಿಜವಾದ ತಿರುವು ಕಾಯ್ದೆಗಿಂತ ಹೆಚ್ಚಾಗಿ ಲೆಕ್ಕದಲ್ಲಿತ್ತು. ನಮ್ಮ ರೈತ ಬಿತ್ತನೆ ಬೀಜವನ್ನು ಬೆಳೆಯ ಶೇಕಡಾವಾರಿನಲ್ಲಿ ಎತ್ತಿಡುವುದಿಲ್ಲ. ಎಕರೆಗೆ ಇಷ್ಟು ಸೇರು ಎಂದರೆ ಇಷ್ಟೇ. ಮಳೆ ಕೈಕೊಟ್ಟ ವರ್ಷವೂ ಆ ಕಾಳನ್ನು ಒಲೆಗೆ ಹಾಕುವಂತಿಲ್ಲ. ಅಲಾಸ್ಕಾದ ಇಂದಿನ ನಿರ್ವಹಣೆ ಈ ಬಗೆಯದು. ಕ್ವಿಚಾಕ್ ನದಿಗೆ 20 ಲಕ್ಷದಿಂದ 1 ಕೋಟಿ ಮೀನು ಮೇಲೇರಬೇಕು ಎಂಬಂತೆ ಪ್ರತಿ ನದಿಗೂ ಬಿತ್ತನೆಯ ಪಾಲು ಗೊತ್ತುಪಡಿಸಲಾಗಿದೆ. ಆ ಪಾಲು ತುಂಬುವ ಲಕ್ಷಣ ಕಾಣದಿದ್ದರೆ ದೋಣಿಗಳು ಲಂಗರು ಹಾಕಿ ಕಾಯಬೇಕು.

ಎಣಿಸುವ ಕ್ರಮವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಇಲಿಯಾಮ್ನಾ ಅಲಾಸ್ಕಾದ ಅತಿ ದೊಡ್ಡ ಸರೋವರ. ಅದರಿಂದ ಕ್ವಿಚಾಕ್ ಹೊರಬೀಳುವ ಕಡೆ, ಇಗಿಯುಗಿಗ್ ಎಂಬ ಪುಟ್ಟ ಹಳ್ಳಿಯ ಬಳಿ, ನದಿಯ ಎರಡೂ ದಡದಲ್ಲಿ ಅಟ್ಟಣಿಗೆಗಳಿವೆ. ಸಾಕೈ ದಡವನ್ನು ಸವರಿಕೊಂಡು ಮೇಲೇರುವ ಮೀನು, ನೀರು ತಿಳಿ. ಅಟ್ಟಣಿಗೆಯ ಮೇಲೆ ನಿಂತವರು ಗಂಟೆಗೆ ಹತ್ತು ನಿಮಿಷ ಒಂದು ದಡ, ಹತ್ತು ನಿಮಿಷ ಇನ್ನೊಂದು ದಡ ಎಂದು, ಅಂಗೈಯ ಎಣಿಕೆ ಯಂತ್ರವನ್ನು ಒತ್ತುತ್ತ, ಹಾದುಹೋಗುವ ಒಂದೊಂದು ಮೀನನ್ನೂ ಲೆಕ್ಕ ಹಿಡಿಯುತ್ತಾರೆ. ಬಂದ ಸಂಖ್ಯೆಗೆ ಆರರಿಂದ ಗುಣಾಕಾರ. ಹಗಲು ರಾತ್ರಿ, ಋತು ಮುಗಿಯುವ ತನಕ. ಈ ಸಂಖ್ಯೆ ಮೀನುಗಾರಿಕಾ ಇಲಾಖೆಯ ಅಧಿಕಾರಿಗೆ ತಲುಪುತ್ತದೆ. ಕೊಲ್ಲಿಯ ಯಾವ ಭಾಗದಲ್ಲಿ ಎಷ್ಟು ಹೊತ್ತು ಬಲೆ ಬಿಡಬಹುದೆಂದು ಅವರು ತುರ್ತು ಆದೇಶ ಹೊರಡಿಸುತ್ತಾರೆ. ದೋಣಿ 32 ಅಡಿಗಿಂತ ಉದ್ದವಿರಕೂಡದು. ಪರವಾನಗಿಗಳ ಸಂಖ್ಯೆಗೆ 1973ರ ಕಾಯ್ದೆಯಿಂದ ಮಿತಿಯಿದೆ. ಉಪಗ್ರಹಗಳ ಈ ಕಾಲದಲ್ಲಿ ಕೋಟ್ಯಂತರ ಡಾಲರ್ ವಹಿವಾಟಿನ ಮೀನುಗಾರಿಕೆಯೊಂದು ಮನುಷ್ಯನ ಎರಡು ಕಣ್ಣುಗಳನ್ನು ನಂಬಿ ನಡೆಯುತ್ತಿರುವುದು ನನಗೆ ಬಹಳ ಮುಖ್ಯವೆನಿಸುತ್ತದೆ.

ಲೆಕ್ಕವೊಂದೇ ಸಾಕಾಗುತ್ತಿರಲಿಲ್ಲ. ಬ್ರಿಸ್ಟಲ್ ಕೊಲ್ಲಿಯ ಸಾಕೈ ಒಂದು ಮಂದೆಯಲ್ಲ, ನೂರಾರು ಮಂದೆಗಳ ಕೂಟ. ಅಂಗೈ ಮುಳುಗುವಷ್ಟೇ ನೀರಿರುವ ತೊರೆಗಳಲ್ಲಿ ಮೊಟ್ಟೆಯಿಡುವ ಮೀನುಗಳ ಮೈ ತೆಳ್ಳಗೆ. ಬೆನ್ನು ಎತ್ತರವಾದದ್ದು ನೀರಿನ ಮೇಲೆ ಕಂಡು ಕರಡಿಯ ಪಾಲಾಗುತ್ತ ಬಂದಿದೆ. ಸರೋವರದ ದಂಡೆಯಲ್ಲಿ ಮೊಟ್ಟೆಯಿಡುವ ಗಂಡುಗಳಿಗೆ ಆ ಭಯವಿಲ್ಲ, ಅವುಗಳ ಬೆನ್ನು ಗೂನಿನಂತೆ ಏರಿರುತ್ತದೆ. ಒಂದು ಹಳ್ಳದಲ್ಲಿ ಮೊಟ್ಟೆಯಿಡುವುದು ಬೇಸಿಗೆಯಲ್ಲೇ ನಡೆದರೆ ಇನ್ನೊಂದರಲ್ಲಿ ಶರತ್ಕಾಲದಲ್ಲಿ. 1970ರ ದಶಕಕ್ಕೆ ಮುಂಚೆ ಕ್ವಿಚಾಕ್ ಈ ಕೊಲ್ಲಿಯ ಹಿರಿಯಣ್ಣ. ಎಗೆಗಿಕ್ ಲೆಕ್ಕಕ್ಕಿಲ್ಲದ ನದಿ. 1990ರ ದಶಕದ ಕೊನೆಯ ಹೊತ್ತಿಗೆ ಕ್ವಿಚಾಕ್ ಸೊರಗಿತ್ತು, ಎಗೆಗಿಕ್ ಮುಂದೆ ಬಂದಿತ್ತು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಡೇನಿಯಲ್ ಶಿಂಡ್ಲರ್ ಮತ್ತು ಸಹಸಂಶೋಧಕರು 2010ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದನ್ನು ಅಂಕಿಗಳಲ್ಲಿ ತೋರಿಸಿದರು: ಇವೆಲ್ಲ ಒಂದೇ ಏಕರೂಪದ ಮಂದೆಯಾಗಿದ್ದರೆ ವರ್ಷದಿಂದ ವರ್ಷಕ್ಕೆ ಆಗುವ ಏರಿಳಿತ ಎರಡು ಪಟ್ಟಿಗೂ ಹೆಚ್ಚಾಗಿ, ಮೀನುಗಾರಿಕೆ ಮುಚ್ಚಬೇಕಾದ ಸಂದರ್ಭಗಳು ಹತ್ತು ಪಟ್ಟಾಗುತ್ತಿದ್ದವು. ಹಿಂದೆ ‘ಪ್ರಯೋಜನವಿಲ್ಲದ’ ನದಿ ಎಂದು ಎಗೆಗಿಕ್ ಕೈಬಿಟ್ಟಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆ ಇಲ್ಲಿ ಸಹಜವಾಗಿ ಏಳುತ್ತದೆ.

ಬೇರೆ ನದಿಗಳಲ್ಲಿ ಅದಕ್ಕೆ ಉತ್ತರ ಸಿಕ್ಕಿದೆ. ಬ್ರಿಟಿಷ್ ಕೊಲಂಬಿಯಾದ ಫ್ರೇಸರ್ ಕಣಿವೆಯ ಹೆಲ್ಸ್ ಗೇಟ್‌ನಲ್ಲಿ ರೈಲುಹಾದಿಗೆ ಬಂಡೆ ಸಿಡಿಸುವಾಗ 1913-14ರಲ್ಲಿ ನದಿಗೆ ಬಿದ್ದ ಕಲ್ಲುಗಳು ಸಾಕೈಯ ದಾರಿ ಕಟ್ಟಿದವು. ಮೀನಿಗೆ ಮೆಟ್ಟಿಲು ಕಟ್ಟಿದ್ದು 1940ರ ದಶಕದಲ್ಲಿ. ರೆಡ್‌ಫಿಶ್ ಸರೋವರಕ್ಕೂ ಕಡಲಿಗೂ ನಡುವೆ ಎಂಟು ಅಣೆಕಟ್ಟುಗಳಿವೆ. 2015ರ ಬೇಸಿಗೆಯಲ್ಲಿ ಕೊಲಂಬಿಯಾ ನದಿಯ ನೀರು ಬಿಸಿಯೇರಿ ಆ ವರ್ಷ ಬಂದ ಸಾಕೈಗಳಲ್ಲಿ ಅರ್ಧದಷ್ಟು ದಾರಿಯಲ್ಲೇ ಸತ್ತವು. ಅಲ್ಲಿ ಬಲೆ ಹಿಡಿದವರ ತಪ್ಪು ಹುಡುಕಿ ಫಲವಿಲ್ಲ.

ಬ್ರಿಸ್ಟಲ್ ಕೊಲ್ಲಿಯೂ ನೆಮ್ಮದಿಯ ಜಾಗವೆಂದು ಹೇಳಲಾರೆ. ನುಶಗಾಕ್‌ನಲ್ಲಿ ಸಾಕೈ ತುಂಬಿ ತುಳುಕುತ್ತಿದ್ದ ವರ್ಷಗಳಲ್ಲೇ ಅದರ ದೊಡ್ಡಣ್ಣನಾದ ಚಿನೂಕ್ ಸಾಲ್ಮನ್ ಕಡಿಮೆಯಾಗುತ್ತ ಬಂದಿದೆ. ಒಂದಕ್ಕೆ ಬಿಟ್ಟ ಬಲೆಯಲ್ಲಿ ಇನ್ನೊಂದೂ ಸಿಗುತ್ತದೆ. 2023ರಲ್ಲಿ ದಡದ ಬೆಲೆ ಪೌಂಡಿಗೆ 50 ಸೆಂಟಿಗೆ ಕುಸಿದಾಗ ಸಾಲ ಮಾಡಿ ದೋಣಿ ಇಳಿಸಿದ ಕುಟುಂಬಗಳು ತತ್ತರಿಸಿದವು. ಮೀನು ಉಳಿದು ಮೀನುಗಾರ ಉಳಿಯದಿದ್ದರೆ ಅದನ್ನು ಸುಸ್ಥಿರವೆನ್ನಲು ನನಗೆ ಮನಸ್ಸಿಲ್ಲ.

ನದಿಗಳ ನೆತ್ತಿಯಲ್ಲಿ ತಾಮ್ರ ಮತ್ತು ಚಿನ್ನದ ಅದಿರಿದೆ. ಅಲ್ಲಿ ಪೆಬಲ್ ಗಣಿ ತೆರೆಯುವ ಯೋಜನೆಯ ಸುತ್ತ ಎರಡು ದಶಕ ಹೋರಾಟ ನಡೆದು, 2023ರ ಜನವರಿಯಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಶುದ್ಧಜಲ ಕಾಯ್ದೆಯಡಿ ಗಣಿಯ ತ್ಯಾಜ್ಯವನ್ನು ಅಲ್ಲಿನ ನೀರಿಗೆ ಸುರಿಯುವುದಕ್ಕೆ ತಡೆ ಹಾಕಿತು. ಕೊಕ್ಟುಲಿಯ ಎರಡು ಕವಲುಗಳು ಮತ್ತು ಅಪ್ಪರ್ ತಲಾರಿಕ್ ತೊರೆಯ ಜಲಾನಯನ ಆ ಆದೇಶದಲ್ಲಿವೆ. ಇಷ್ಟು ಸಣ್ಣ ತೊರೆಗಳಲ್ಲಿ ಮೀನೆಷ್ಟು ಎಂಬ ಪ್ರಶ್ನೆಗೆ ಮೀನಿನ ಕಿವಿಗಲ್ಲೇ ಉತ್ತರ ಕೊಡುತ್ತದೆ. ಸಾಲ್ಮನ್‌ನ ತಲೆಯೊಳಗಿನ ಈ ಪುಟ್ಟ ಸುಣ್ಣದ ಹರಳು ಮರದ ಕಾಂಡದಂತೆ ಪದರ ಪದರವಾಗಿ ಬೆಳೆಯುತ್ತದೆ. ಮರಿ ಯಾವ ನೀರಿನಲ್ಲಿತ್ತೋ ಆ ನೀರಿನ ಸ್ಟ್ರಾನ್ಷಿಯಂ ಗುರುತು ಪದರದಲ್ಲಿ ಉಳಿದಿರುತ್ತದೆ. ನುಶಗಾಕ್‌ಗೆ ಮರಳಿದ ಸಾಕೈ ಮತ್ತು ಚಿನೂಕ್ ಮೀನುಗಳ ಹರಳುಗಳನ್ನು ಕೊರೆದು ಓದಿ 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಅತಿ ಹೆಚ್ಚು ಮೀನು ಕೊಡುವ ತಾಣ ಒಂದೇ ಕಡೆ ನಿಲ್ಲುವುದಿಲ್ಲ. ಒಂದು ವರ್ಷ ಒಂದು ಕವಲು ತುಂಬಿ ಬಂದರೆ ಮತ್ತೊಂದು ವರ್ಷ ಬಹು ದೂರದ ಇನ್ನೊಂದು. ಈ ಸಲ ಖಾಲಿ ಕಂಡ ತೊರೆಯ ಸರದಿ ಯಾವ ವರ್ಷ ಬರುತ್ತದೆಂದು ಅಟ್ಟಣಿಗೆಯ ಮೇಲೆ ನಿಂತು ಎಣಿಸುವವರಿಗೂ ಮೊದಲೇ ಗೊತ್ತಾಗುವುದಿಲ್ಲ.