ಸೀಸ ಬಿಟ್ಟ ಏಪ್ರನ್: ತೂಕ ಇಳಿಯಿತು, ಅಳತೆ ಬದಲಾಯಿತು

1895ರಲ್ಲಿ ರಾಂಟ್‌ಜನ್ ಎಕ್ಸ್‌ರೇ ಕಂಡುಹಿಡಿದಾಗ ಅದು ಮೈ ಸುಡಬಲ್ಲದೆಂದು ಯಾರೂ ಎಣಿಸಿರಲಿಲ್ಲ. ಎಡಿಸನ್ನನ ಪ್ರಯೋಗಾಲಯದಲ್ಲಿ ಎಕ್ಸ್‌ರೇ ಕೊಳವೆಗಳೊಂದಿಗೆ ದುಡಿಯುತ್ತಿದ್ದ ಕ್ಲಾರೆನ್ಸ್ ಡಾಲಿ ಎರಡೂ ಕೈ ಕಳೆದುಕೊಂಡು, 1904ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ. ಇಂಥ ಸಾವುನೋವುಗಳಿಂದ ಪಾಠ ಕಲಿತ ಮೇಲೆಯೇ ಸೀಸದ ಪುಡಿ ಬೆರೆಸಿದ ರಬ್ಬರ್ ಏಪ್ರನ್ ಆಸ್ಪತ್ರೆಗಳಲ್ಲಿ ರೂಢಿಯಾದದ್ದು.

ಬಹುಕಾಲ ಅದರ ಭಾರ ಯಾರಿಗೂ ದೊಡ್ಡ ದೂರಾಗಲಿಲ್ಲ. ತಂತ್ರಜ್ಞರು ಗೋಡೆಯ ಹಿಂದೆ ನಿಂತು ಗುಂಡಿ ಒತ್ತಿದರೆ ಕೆಲಸ ಮುಗಿಯುತ್ತಿತ್ತು. 1977ರಲ್ಲಿ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಹೃದಯದ ರಕ್ತನಾಳಕ್ಕೆ ಮೊದಲ ಬಲೂನ್ ಚಿಕಿತ್ಸೆ ಮಾಡಿದ ನಂತರ ಚಿತ್ರ ಬದಲಾಯಿತು. ಎಕ್ಸ್‌ರೇ ನೋಡುತ್ತಲೇ ಈ ಚಿಕಿತ್ಸೆ ಮಾಡುವ ಕ್ಯಾತ್‌ಲ್ಯಾಬ್‌ನಲ್ಲಿ ವೈದ್ಯರು, ನರ್ಸ್‌ಗಳು ರೋಗಿಯ ಪಕ್ಕದಲ್ಲೇ ಗಂಟೆಗಟ್ಟಲೆ ನಿಲ್ಲಬೇಕಾಯಿತು, ಅದೂ ಐದಾರು ಕಿಲೋ ಹೊತ್ತು. ಕತ್ತು, ಸೊಂಟದ ಡಿಸ್ಕ್ ಸವೆತಕ್ಕೂ ಏಪ್ರನ್ನಿಗೂ ಇರುವ ನಂಟನ್ನು 1990ರ ದಶಕದಲ್ಲಿ ಅಮೆರಿಕದ ಹೃದ್ರೋಗತಜ್ಞರ ಅಧ್ಯಯನ ಎತ್ತಿ ತೋರಿಸಿತು.

ಸೀಸಕ್ಕೆ ಬದಲಿ ಹುಡುಕಲು ಭೌತವಿಜ್ಞಾನ ಒಂದು ದಾರಿ ಬಿಟ್ಟಿತ್ತು. ಸೀಸದ ಅತಿ ಒಳಗಿನ ಎಲೆಕ್ಟ್ರಾನುಗಳು ಕಿರಣ ಹೀರತೊಡಗುವುದು 88 ಕಿಲೋ ಎಲೆಕ್ಟ್ರಾನ್ ವೋಲ್ಟ್ ದಾಟಿದ ಮೇಲೆ. ತವರಕ್ಕೆ ಆ ಗಡಿ 29. ರೋಗಿಯ ಮೈಯಿಂದ ಚದುರಿ ಬರುವ ಕಿರಣಗಳಲ್ಲಿ ಹೆಚ್ಚಿನವು ಈ ಎರಡರ ನಡುವಿನವು. 60ರಲ್ಲಿ, ಗ್ರಾಂಗೆ ಗ್ರಾಂ ಲೆಕ್ಕ ಹಾಕಿದರೆ, ತವರದ ತಡೆಯುವ ಗುಣ ಸೀಸಕ್ಕಿಂತ ಸುಮಾರು ಶೇ 30ರಷ್ಟು ಹೆಚ್ಚು. 100ಕ್ಕೆ ಏರಿದರೆ ಲೆಕ್ಕ ತಲೆಕೆಳಗು: ಸೀಸವೇ ಮೂರು ಪಟ್ಟು ಮುಂದೆ. ಹೀಗಾಗಿ ತವರ, ಆಂಟಿಮನಿ, ಬೇರಿಯಂಗಳ ಜೊತೆ ಟಂಗ್‌ಸ್ಟನ್, ಬಿಸ್ಮತ್ ಸೇರಿಸುವ ಮಿಶ್ರಣಗಳು ಹುಟ್ಟಿದವು. ಮೊದಲು ಸೀಸದ ಪಾಲು ಕಡಿಮೆಯಾಯಿತು, ಆಮೇಲೆ ಪೂರ್ತಿ ಇಲ್ಲವಾಯಿತು. ಹಳೆಯ ಏಪ್ರನ್ ಎಸೆಯುವಾಗಿನ ವಿಷದ ತಲೆನೋವೂ ತಗ್ಗಿತು.

ಆದರೆ ತೊಡಕು ಬೇರೆ ಕಡೆ ಇತ್ತು. ಕಿರಣ ಹೀರಿದ ತವರ ತಾನೇ ದುರ್ಬಲ ಕಿರಣಗಳನ್ನು ಹೊರಸೂಸುತ್ತದೆ. ತೊಟ್ಟವರ ಮೈಗೆ ಅವು ನೇರವಾಗಿ ತಗಲುತ್ತವೆ. ಕಿರಿದಾದ ಕಿರಣಪುಂಜ ಹಾಯಿಸಿ, ಅಳೆಯುವ ಉಪಕರಣವನ್ನು ದೂರವಿಟ್ಟು ಮಾಡುವ ಹಳೆಯ ಪರೀಕ್ಷೆಗೆ ಇವು ಸಿಗುತ್ತಲೇ ಇರಲಿಲ್ಲ. ಚೀಟಿಯ ಮೇಲೆ '0.5 ಮಿ.ಮೀ. ಸೀಸಕ್ಕೆ ಸಮ' ಎಂದಿದ್ದರೂ ಬಳಕೆಯಲ್ಲಿ ರಕ್ಷಣೆ ಅಷ್ಟಿರಲಿಲ್ಲ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ವಿಜ್ಞಾನಿಗಳು ಎರಡು ಪದರಗಳ ಉಪಾಯವನ್ನು ಪರೀಕ್ಷಿಸಿದರು: ಹಗುರ ಧಾತು ಹೊರಗೆ, ಬಿಸ್ಮತ್‌ನಂಥ ಭಾರಧಾತು ಮೈಯ ಕಡೆಗೆ. ಹೊರಪದರ ಸೂಸಿದ್ದನ್ನು ಒಳಪದರ ನುಂಗುತ್ತದೆ. 2014ರ ಅಂತರರಾಷ್ಟ್ರೀಯ ಮಾನಕ ಐಇಸಿ 61331 ಈ ಮರುಸೂಸುವಿಕೆಯನ್ನೂ ಲೆಕ್ಕಕ್ಕೆ ಹಿಡಿಯುವ ಅಳತೆಯನ್ನು ಜಾರಿಗೆ ತಂದಿತು.

ಭಾರದ ಸಮಸ್ಯೆಗೆ ಬೇರೆ ಉತ್ತರಗಳೂ ಬಂದಿವೆ. ಸೊಂಟ, ಭುಜಗಳಿಗೆ ಭಾರ ಹಂಚುವ ಅಂಗಿ-ಲಂಗದ ಜೋಡಿ ಈಗ ಸಾಮಾನ್ಯ. ಮೇಲ್ಚಾವಣಿಯಿಂದ ತೂಗುಬಿಟ್ಟು ತೊಡುವ ಕವಚಗಳೂ ಇವೆ.

ನಮ್ಮಲ್ಲಿ ಮೈಗೆ ತಗಲಿದ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜನ್ನು ಏಪ್ರನ್ನಿನ ಒಳಗೆ, ಎದೆಯ ಮಟ್ಟದಲ್ಲಿ ಧರಿಸುತ್ತಾರೆ. ಹೊದಿಕೆ ದಾಟಿ ಬಂದದ್ದನ್ನು ಅದು ದಾಖಲಿಸುತ್ತದಾದರೂ, ವರದಿ ಕೈಸೇರುವುದು ತಿಂಗಳುಗಳ ನಂತರ. ಆದ್ದರಿಂದ ಖರೀದಿಯ ಹೊತ್ತಿಗೇ ಆಸ್ಪತ್ರೆಗಳು ತೂಕದ ಜೊತೆ ಎರಡು ಪ್ರಶ್ನೆ ಕೇಳಬೇಕು: ಸೀಸದೊಂದಿಗಿನ ಸಮಾನತೆ ಎಷ್ಟರಿಂದ ಎಷ್ಟು ಕಿಲೋವೋಲ್ಟ್‌ವರೆಗೆ ನಿಲ್ಲುತ್ತದೆ? ಯಾವ ವಿಧಾನದಲ್ಲಿ ಅಳೆದದ್ದು? ಇವೆರಡಕ್ಕೆ ಉತ್ತರವಿಲ್ಲದ ಹಗುರ ಏಪ್ರನ್ನಿಗಿಂತ ಭಾರವಾದ ಸೀಸವೇ ವಾಸಿ.