ಉಣ್ಣೆ ಸತ್ತಿತು, ವಿಷ ಎಲ್ಲಿ ಹೋಯಿತು?



ದನದ ಮೈಗೆ ಉಣ್ಣೆಹುಳು, ಅಂದರೆ ಉಣುಗು ಹತ್ತಿದರೆ ನಾವೇನು ಮಾಡುತ್ತೇವೆ? ದನದ ಆಸ್ಪತ್ರೆಯಿಂದ ಒಂದು ಶೀಸೆ ಮದ್ದು ತಂದು, ನೀರಿಗೆ ಬೆರೆಸಿ ಹಚ್ಚುತ್ತೇವೆ. ಉಣ್ಣೆ ಉದುರಿದರೆ ಕೆಲಸವಾಯಿತು ಅನ್ನುತ್ತೇವೆ. ಆದರೆ ಹುಳುವನ್ನು ಕೊಂದ ವಿಷ ಆಮೇಲೆ ಎಲ್ಲಿ ಹೋಗುತ್ತದೆ? ಇದನ್ನು ಸರಿಯಾಗಿ ವಿಚಾರಿಸಲು ಜನಕ್ಕೆ ನೂರು ವರ್ಷವೇ ಬೇಕಾಯಿತು. ಆ ಕಥೆ ಕೇಳಿ.

ಇಂಗ್ಲೆಂಡಿನಲ್ಲಿ ವಿಲಿಯಂ ಕೂಪರ್ ಎಂಬ ಪಶುವೈದ್ಯರು 1852ರಲ್ಲಿ ಪಾಷಾಣ ಮತ್ತು ಗಂಧಕ ಸೇರಿಸಿ ಒಂದು ಪುಡಿ ಮಾಡಿದರು. ಪಾಷಾಣವೆಂದರೆ ಆರ್ಸೆನಿಕ್. ಆ ಪುಡಿ ಕದಡಿದ ನೀರಿನಲ್ಲಿ ಕುರಿಯನ್ನು ಮುಳುಗಿಸಿ ತೆಗೆದರೆ ಕಜ್ಜಿಯ ಹುಳು ಸಾಯುತ್ತಿತ್ತು. ಮುಂದೆ 1893ರಲ್ಲಿ ಅಮೆರಿಕದ ಸ್ಮಿತ್ ಮತ್ತು ಕಿಲ್‌ಬೋರ್ನ್ ಎಂಬವರು, ದನಗಳನ್ನು ಕೊಲ್ಲುತ್ತಿದ್ದ ಟೆಕ್ಸಾಸ್ ಜ್ವರವನ್ನು ಹರಡುವುದು ಉಣ್ಣೆಯೇ ಎಂದು ತೋರಿಸಿಕೊಟ್ಟರು. 1906ರಲ್ಲಿ ಅಲ್ಲಿನ ಸರ್ಕಾರ ಉಣ್ಣೆಯ ಮೇಲೆ ಯುದ್ಧವನ್ನೇ ಹೂಡಿತು. ಊರೂರಿಗೆ ಉದ್ದನೆಯ ತೊಟ್ಟಿ ಕಟ್ಟಿಸಿ, ಪಾಷಾಣದ ನೀರು ತುಂಬಿ, ಎರಡು ವಾರಕ್ಕೊಮ್ಮೆ ದನಗಳನ್ನು ಅದರಲ್ಲಿ ಈಜಿಸಿದರು. 1943ರ ಹೊತ್ತಿಗೆ ಮೆಕ್ಸಿಕೋ ಗಡಿಯ ಪಟ್ಟಿಯೊಂದನ್ನು ಬಿಟ್ಟು ದೇಶವೆಲ್ಲ ಆ ಉಣ್ಣೆಯಿಂದ ಮುಕ್ತವಾಯಿತು. ಇದು ಸಣ್ಣ ಕೆಲಸವಲ್ಲ.

ಆದರೆ ತೊಟ್ಟಿಯ ಹಳೇ ನೀರನ್ನೂ ಕೆಸರನ್ನೂ ಪಕ್ಕದ ನೆಲಕ್ಕೇ ಚೆಲ್ಲುತ್ತಿದ್ದರು. ಪಾಷಾಣ ಬಿಸಿಲಿಗೆ ಸುಡುವುದಿಲ್ಲ, ಮಣ್ಣಿನಲ್ಲಿ ಕೊಳೆಯುವುದಿಲ್ಲ. ಅಮೆರಿಕದ ಫ್ಲಾರಿಡಾದಲ್ಲಿ ಇಂಥ ತೊಟ್ಟಿಗಳು 3,000ಕ್ಕೂ ಹೆಚ್ಚು, ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್‌ನಲ್ಲಿ 1,600ಕ್ಕೂ ಹೆಚ್ಚು ಇದ್ದವು. ಮೊಮ್ಮಕ್ಕಳ ಕಾಲದಲ್ಲಿ ಅಲ್ಲಿ ಮನೆ ಕಟ್ಟಬೇಕಾದರೆ ಮೊದಲು ಮಣ್ಣು ಪರೀಕ್ಷೆ ಮಾಡಿಸುವ ಸ್ಥಿತಿ ಬಂತು.

ಅಷ್ಟರಲ್ಲಿ, 1930ರ ದಶಕದಲ್ಲಿ, ಉಣ್ಣೆಗಳು ಪಾಷಾಣಕ್ಕೆ ಬಗ್ಗದಾದವು. ಎರಡನೆಯ ಮಹಾಯುದ್ಧದ ತರುವಾಯ ಡಿಡಿಟಿ, ಬಿಎಚ್‌ಸಿ ಬಂದವು. ಮುಟ್ಟಿದ ಕೂಡಲೇ ಮನುಷ್ಯನಿಗೆ ಏನೂ ಆಗದ್ದರಿಂದ ಇವು ಸಾಧು ಎಂದು ಜನ ನಂಬಿದರು. ಇವು ಹಸುವಿನ ಕೊಬ್ಬಿನಲ್ಲಿ ಕೂತು, ಹಾಲಿಗೆ ಇಳಿದು, ಬೆಣ್ಣೆ ತುಪ್ಪಕ್ಕೂ ಬರುತ್ತವೆ ಎಂದು ಆಮೇಲೆ ತಿಳಿಯಿತು. ನಮ್ಮ ದೇಶದಲ್ಲಿ ಬೇಸಾಯಕ್ಕೆ ಡಿಡಿಟಿ ಬಳಸುವುದನ್ನು 1989ರಲ್ಲಿ, ಬಿಎಚ್‌ಸಿಯನ್ನು 1997ರಲ್ಲಿ ನಿಷೇಧಿಸಿದರು.

ಅವುಗಳ ಜಾಗಕ್ಕೆ ಬಂದ ಆರ್ಗನೋಫಾಸ್ಫರಸ್ ಮದ್ದುಗಳು ನೆಲದಲ್ಲಿ ಅಷ್ಟು ಕಾಲ ಉಳಿಯುವುದಿಲ್ಲ, ಆದರೆ ಕೈಯ ಚರ್ಮದಿಂದಲೇ ಒಳಹೊಕ್ಕು ನರಗಳಿಗೆ ಹತ್ತುತ್ತವೆ. ಬ್ರಿಟನ್ನಿನಲ್ಲಿ 1976ರಿಂದ 1992ರ ತನಕ ಕುರಿಗಳನ್ನು ಮದ್ದಿನಲ್ಲಿ ಅದ್ದುವುದು ಕಡ್ಡಾಯವಾಗಿತ್ತು. ಅದ್ದಿದವರಲ್ಲಿ ಅನೇಕರು ತಮ್ಮ ಆರೋಗ್ಯ ಕೆಟ್ಟಿತೆಂದು ದೂರಿದರು. 1995ರಿಂದ ಅಲ್ಲಿ ತರಬೇತಿ ಪಡೆದು ಪ್ರಮಾಣಪತ್ರ ಇದ್ದವರಿಗಷ್ಟೇ ಆ ಮದ್ದು ಮಾರುವ ನಿಯಮ ಬಂತು.

ನೋಡಿ, ಪ್ರತಿ ಸಲವೂ "ಹುಳು ಸತ್ತಿತೇ?" ಎಂದಷ್ಟೇ ಕೇಳಿದರು. ಕೇಳಬೇಕಾದ ಪ್ರಶ್ನೆ ಇನ್ನೂ ಮೂರು: ಇದು ಎಷ್ಟು ಉಗ್ರ? ನಮ್ಮ ಮೈಗೆ ಯಾವ ದಾರಿಯಲ್ಲಿ ಬರುತ್ತದೆ? ಮಿಕ್ಕದ್ದು ಎಲ್ಲಿ ಸೇರುತ್ತದೆ? ಆಸ್ಪತ್ರೆಯ ಬೀರುವಿನ ಶೀಸೆಯಾಗಲಿ, ನಿಮ್ಮ ಕೊಟ್ಟಿಗೆಯ ಗೂಡಿನ ಶೀಸೆಯಾಗಲಿ, ಅಳೆಯುವ ಕೋಲು ಇದೇ.

ಈಗ ಬಳಸುವ ಡೆಲ್ಟಾಮೆಥ್ರಿನ್, ಅಮಿಟ್ರಾಜ್ ಮುಂತಾದವೂ ವಿಷವೇ. ಡಾಕ್ಟರು ಹೇಳಿದ ಅಳತೆ ಮೀರಬೇಡಿ. ಕೈಗವಸು ಹಾಕಿಕೊಂಡು, ಗಾಳಿಗೆ ಬೆನ್ನು ಮಾಡಿ ಹಚ್ಚಿ. ಕೈಯಲ್ಲಿ ಗಾಯವಿದ್ದರೆ ಆ ಕೆಲಸಕ್ಕೆ ಹೋಗಬೇಡಿ. ದನ ಮೈ ನೆಕ್ಕದಂತೆ ನೋಡಿಕೊಳ್ಳಿ. ಎಷ್ಟು ದಿನ ಹಾಲು ಬಳಸಬಾರದೆಂದು ಚೀಟಿಯಲ್ಲಿದೆಯೋ ಅಷ್ಟು ದಿನ ಮಕ್ಕಳಿಗೂ ಡೇರಿಗೂ ಹಾಕಬೇಡಿ. ಮಿಕ್ಕ ಮದ್ದನ್ನು ಕೆರೆಗೆ, ಬಾವಿಕಟ್ಟೆಗೆ ಚೆಲ್ಲಬೇಡಿ. ಡೆಲ್ಟಾಮೆಥ್ರಿನ್ ಸ್ವಲ್ಪ ಬಿದ್ದರೂ ಮೀನು ಸಾಯುತ್ತವೆ. ಖಾಲಿ ಶೀಸೆಯಲ್ಲಿ ಎಣ್ಣೆ, ನೀರು ತುಂಬಿಡುವುದು ಬೇಡವೇ ಬೇಡ. ಯಾರಿಗಾದರೂ ತಲೆ ತಿರುಗಿ ವಾಂತಿಯಾದರೆ ಶೀಸೆಯನ್ನೂ ಜೊತೆಗೆ ಹಿಡಿದು ಆಸ್ಪತ್ರೆಗೆ ಓಡಿ. ಅದರ ಹೆಸರು ನೋಡಿಯೇ ವೈದ್ಯರು ಚಿಕಿತ್ಸೆ ಗೊತ್ತುಮಾಡಬೇಕು.